ಇನ್ ಲೂ ಆಫ್: ಬದಲಿ ಯಾರು, ಗೈರುಹಾಜರು ಯಾರು?



ನಮ್ಮ ಉಚಿತ ವಾಚನಾಲಯಕ್ಕೆ ಬರುವವರಲ್ಲಿ ಹಲವರು ಪತ್ರಿಕೆ ಓದುವುದಕ್ಕಷ್ಟೇ ಬರುವುದಿಲ್ಲ. ಜೇಬಿನಲ್ಲಿ ಮಡಚಿಟ್ಟ ಒಂದು ಕಾಗದವನ್ನೂ ತರುತ್ತಾರೆ. ಕಾರಖಾನೆಯಿಂದ ಬಂದ ನೋಟಿಸು, ಹೋಟೆಲಿನ ಮಾಲೀಕರು ಸಹಿಗೆ ಕೊಟ್ಟ ರಸೀತಿ, ರಜೆಯ ಅರ್ಜಿ, ನೇಮಕದ ಪತ್ರ, ಹೀಗೆ ಏನಾದರೊಂದು. "ಇದರಲ್ಲಿ ಏನು ಬರೆದಿದೆ, ಸ್ವಲ್ಪ ಹೇಳಿ" ಎಂದು ಕೇಳುತ್ತಾರೆ. ಅಂಥ ಕಾಗದಗಳಲ್ಲಿ ಮೇಲಿಂದ ಮೇಲೆ ಕಣ್ಣಿಗೆ ಬೀಳುವ ಮಾತೊಂದಿದೆ. ಮೂರೇ ಪದಗಳ ಮಾತು: "ಇನ್ ಲೂ ಆಫ್." ಈ ಸಲದ ಪಾಠಕ್ಕೆ ಅದನ್ನೇ ಆರಿಸಿಕೊಂಡಿದೆ.

ಮಾತು ಚಿಕ್ಕದು. ಆದರೆ ಒಬ್ಬ ಕೆಲಸಗಾರನಿಗೆ ಸಿಗತಕ್ಕದ್ದು ಯಾವುದು, ಅವನು ಬಿಟ್ಟುಕೊಡತಕ್ಕದ್ದು ಯಾವುದು ಎಂಬುದನ್ನು ತೀರ್ಮಾನಿಸುವ ಮಾತು ಇದೇ. ಇದನ್ನು ತಿರುಗಾಮುರುಗಾ ಬರೆದರೆ ಸಿಗಬೇಕಾದದ್ದನ್ನು ನಾವೇ ಬಿಟ್ಟುಕೊಟ್ಟಂತೆ ಕಾಗದ ಹೇಳುತ್ತದೆ. ಕನ್ನಡ ಬಲ್ಲವರು ಇದನ್ನು ತಿರುಗಾಮುರುಗಾ ಬರೆಯುವುದಕ್ಕೆ ಒಂದು ವಿಶೇಷ ಕಾರಣವೂ ಉಂಟು. ಅದನ್ನು ಮುಂದೆ ನೋಡೋಣ.

ನಾನು ವಕೀಲನಲ್ಲ, ಗಿರಣಿಯ ಕಚೇರಿಯಲ್ಲಿ ಮಸ್ಟರು ಬರೆಯುವ ಕಾರಕೂನ, ಮ್ಯಾಟ್ರಿಕ್‌ವರೆಗೆ ಓದಿದವನು. ಆದ್ದರಿಂದ ಇಲ್ಲಿ ಹೇಳುವುದು ಭಾಷೆಯ ಪಾಠ. ಕಾಯಿದೆಯ ಮಾತು ಬಂದಲ್ಲಿ ಭಾಷೆಗೆ ಬೇಕಾದಷ್ಟನ್ನು ಮಾತ್ರ ಹೇಳಿದೆ. ಓದುವುದಕ್ಕೆ ಎಲ್ಲರಿಗೂ ಸುಲಭವಾಗಲೆಂದು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಕೊಟ್ಟಿದೆ. ಬರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅಭ್ಯಾಸ ಮಾಡಿರಿ.

೧. ಪದದ ಅರ್ಥ

"ಲೂ" ಎಂಬುದರ ಅಕ್ಷರಗಳು ಎಲ್, ಐ, ಇ, ಯು. ಕೆಲವರು "ಲ್ಯೂ" ಎಂದೂ ಉಚ್ಚರಿಸುತ್ತಾರೆ, ಎರಡೂ ಸರಿಯೇ. ಇದು ಮೂಲತಃ ಇಂಗ್ಲಿಷ್ ಪದವಲ್ಲ, ಫ್ರೆಂಚರದು. ಫ್ರೆಂಚಿಗೆ ಲ್ಯಾಟಿನ್ ಭಾಷೆಯ "ಲೋಕಸ್" ಎಂಬ ಪದದಿಂದ ಬಂದದ್ದು. "ಲೋಕಸ್" ಎಂದರೆ ಸ್ಥಳ, ಸ್ಥಾನ. ಹಾಗಾಗಿ "ಇನ್ ಲೂ ಆಫ್" ಎಂದರೆ "ಅದರ ಸ್ಥಾನದಲ್ಲಿ", ನಮ್ಮ ಆಡುಮಾತಿನಲ್ಲಿ "ಅದರ ಬದಲಿಗೆ".

ಈ "ಲೂ" ನಮಗೆ ತೀರ ಅಪರಿಚಿತವೇನೂ ಅಲ್ಲ. ಸೈನ್ಯದಲ್ಲಿ "ಲೆಫ್ಟಿನೆಂಟ್" ಎಂಬ ಹುದ್ದೆ ಇದೆಯಲ್ಲವೆ? ಉಚ್ಚಾರ ಬೇರೆಯಾದರೂ ಆ ಪದದ ಮೊದಲಲ್ಲಿ ಕುಳಿತಿರುವುದು ಇದೇ ಎಲ್, ಐ, ಇ, ಯು. ಇನ್ನೊಬ್ಬರ ಸ್ಥಾನವನ್ನು ಹಿಡಿದು ಕೆಲಸ ಮಾಡುವವನೇ ಲೆಫ್ಟಿನೆಂಟ್. ಮೇಲಧಿಕಾರಿ ಇಲ್ಲದಾಗ ಅವನ ಜಾಗದಲ್ಲಿ ನಿಲ್ಲುವವನು. ಇಷ್ಟು ನೆನಪಿಟ್ಟರೆ ಅಕ್ಷರವೂ ತಪ್ಪದು, ಅರ್ಥವೂ ತಪ್ಪದು.

೨. ಬದಲಿಯ ಸೂತ್ರ

ಲೆಫ್ಟಿನೆಂಟನಿಗಿಂತ ನಮಗೆ ಹತ್ತಿರದವನು ಇನ್ನೊಬ್ಬನಿದ್ದಾನೆ. ಅವನೇ ಗಿರಣಿಯ "ಬದಲಿ". ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಬದಲಿ ಕಾಮಗಾರರೆಂಬ ದೊಡ್ಡ ವರ್ಗವೇ ಇತ್ತು. ಬೆಳಗಾಗುತ್ತಲೇ ಗಿರಣಿಯ ಬಾಗಿಲಲ್ಲಿ ಬಂದು ನಿಲ್ಲುವುದು. ಖಾಯಂ ಆದವನೊಬ್ಬ ಗೈರುಹಾಜರಾದರೆ ಆ ದಿನ ಅವನ ಸಾಂಚೆಯ ಮೇಲೆ ಕೆಲಸ. ಯಾರೂ ತಪ್ಪಿಸದಿದ್ದರೆ ಬರಿಗೈಯಲ್ಲಿ ಮನೆಗೆ. ಈ ಜನರ ಪೈಕಿ ಯಾರಿಗೆ ಕೆಲಸ ಕೊಡಬೇಕೆಂಬುದು ಜಾಬರನ ಮರ್ಜಿಯ ಮೇಲೆ ನಿಲ್ಲಬಾರದೆಂದು 1935ರಲ್ಲಿ ಮುಂಬಯಿ ಗಿರಣಿಗಳಲ್ಲಿ ಬದಲಿ ನಿಯಂತ್ರಣದ ಪದ್ಧತಿಯನ್ನೂ ತಂದರು. ಮುಂದೆ ಈ ಪದ ಕಾಯಿದೆಯ ಪುಸ್ತಕವನ್ನೂ ಹೊಕ್ಕಿತು. 1947ರ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟಿನಲ್ಲಿ "ಬದಲಿ ವರ್ಕ್‌ಮನ್" ಎಂಬುದಕ್ಕೆ ವಿವರಣೆಯೇ ಇತ್ತು: ಮಸ್ಟರಿನಲ್ಲಿ ಹೆಸರಿರುವ ಇನ್ನೊಬ್ಬ ಕೆಲಸಗಾರನ ಸ್ಥಾನದಲ್ಲಿ ಕೆಲಸಕ್ಕೆ ತೆಗೆದುಕೊಂಡವನು ಎಂದು ಅದರ ತಾತ್ಪರ್ಯ.

ಈಗ ನಮ್ಮ ಮಾತನ್ನು ಈ ಬದಲಿಯವನ ಮೇಲೆ ಕೂರಿಸೋಣ. ರಾಮಣ್ಣ ಖಾಯಂ ಕೆಲಸಗಾರ; ಇಂದು ಬಂದಿಲ್ಲ. ಸೋಮಣ್ಣ ಬದಲಿ, ಬಂದು ಕೆಲಸ ಮಾಡಿದ. ಇಂಗ್ಲಿಷಿನಲ್ಲಿ ಇದನ್ನು ಹೀಗೆ ಬರೆಯಬೇಕು:

"ಸೋಮಣ್ಣ ವರ್ಕ್‌ಡ್ ಇನ್ ಲೂ ಆಫ್ ರಾಮಣ್ಣ."

"ಆಫ್" ಆದ ಕೂಡಲೆ ಯಾರು ಬಂದರು? ರಾಮಣ್ಣ. ಅವನು ಗೈರುಹಾಜರು. ಮಾತಿನ ಇನ್ನೊಂದು ಕಡೆಯಲ್ಲಿ ಇರುವವನು ಸೋಮಣ್ಣ. ಅವನು ಹಾಜರು, ಅವನೇ ಬದಲಿ. ಇದೇ ಸೂತ್ರ:

"ಆಫ್" ಎಂಬುದಕ್ಕೆ ಅಂಟಿಕೊಂಡು ಬಂದದ್ದು ಗೈರುಹಾಜರು. ಇನ್ನೊಂದು ಬದಲಿ.

ಗೈರುಹಾಜರಾದದ್ದು ನಮಗೆ ಸಿಗುವುದಿಲ್ಲ. ಬದಲಿಯಾಗಿ ಬಂದದ್ದು ಸಿಗುತ್ತದೆ. ಎಲ್ಲಿ ಈ ಮಾತು ಕಂಡರೂ "ಬದಲಿ ಯಾರು, ಗೈರುಹಾಜರು ಯಾರು?" ಎಂದು ಕೇಳಿಕೊಂಡರೆ ಅರ್ಧ ಪಾಠ ಮುಗಿದಂತೆ.

೩. ಕನ್ನಡಿಗರಿಗೆ ಏಕೆ ತೊಡಕು?

ಕನ್ನಡದಲ್ಲಿ ನಾವು "ಭಾನುವಾರದ ಬದಲಿಗೆ ಗುರುವಾರ ರಜೆ" ಎನ್ನುತ್ತೇವೆ. ಇಲ್ಲಿ ಕಳೆದುಕೊಂಡದ್ದು ಭಾನುವಾರ. ಅದು ಮೊದಲು ಬಂದಿತು. ಪಡೆದದ್ದು ಗುರುವಾರ, ಅದು ಆಮೇಲೆ ಬಂದಿತು. ನಾವು ದಿನವೂ ಕೇಳುವ ಮರಾಠಿಯಲ್ಲಿಯೂ ಇದೇ ರೀತಿ. "ಐವಜಿ" ಎಂಬ ಮಾತಿನ ಹಿಂದೆ ಕಳೆದುಕೊಂಡದ್ದು, ಮುಂದೆ ಪಡೆದದ್ದು.

ಈ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷ್ ಮಾಡಿದರೆ ಏನಾಗುತ್ತದೆ? ಭಾನುವಾರಕ್ಕೆ "ಸಂಡೇ", ಬದಲಿಗೆ ಎಂಬುದಕ್ಕೆ "ಇನ್ ಲೂ ಆಫ್", ಗುರುವಾರಕ್ಕೆ "ಥರ್ಸ್‌ಡೇ". ಕೂಡಿಸಿದರೆ "ಸಂಡೇ ಇನ್ ಲೂ ಆಫ್ ಥರ್ಸ್‌ಡೇ." ಸೂತ್ರವನ್ನು ಹಚ್ಚಿ ನೋಡಿರಿ. "ಆಫ್"ಗೆ ಅಂಟಿಕೊಂಡದ್ದು ಗುರುವಾರ, ಅದೇ ಗೈರುಹಾಜರು! ಅಂದರೆ "ಗುರುವಾರದ ರಜೆ ನನಗೆ ಬೇಡ, ಭಾನುವಾರ ಕೊಡಿ" ಎಂದು ಅರ್ಥವಾಯಿತು. ವಾಕ್ಯ ನೋಡುವುದಕ್ಕೆ ಶುದ್ಧವಾಗಿದೆ, ಅಕ್ಷರ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ಆದರೆ ಅರ್ಥ ತಲೆಕೆಳಗಾಗಿದೆ. ಇಂಥ ತಪ್ಪು ಬೇಗನೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದಲೇ ಅಪಾಯಕಾರಿ.

ಕಾರಣ ಇಷ್ಟೇ. ಕನ್ನಡದ "ಬದಲಿಗೆ" ತನ್ನ ಹಿಂದಿನ ಪದವನ್ನು ಹಿಡಿದುಕೊಳ್ಳುತ್ತದೆ. ಇಂಗ್ಲಿಷಿನ "ಇನ್ ಲೂ ಆಫ್" ತನ್ನ ಮುಂದಿನ ಪದವನ್ನು ಹಿಡಿದುಕೊಳ್ಳುತ್ತದೆ. ಎರಡೂ ಹಿಡಿಯುವುದು ಕಳೆದುಕೊಂಡದ್ದನ್ನೇ.

ಈ ತೊಡಕಿಗೆ ಒಂದು ಸುಲಭ ಉಪಾಯವಿದೆ. ಇಂಗ್ಲಿಷಿನಲ್ಲಿ ಈ ಮಾತನ್ನು ವಾಕ್ಯದ ಮೊದಲಿಗೂ ಇಡಬಹುದು:

"ಇನ್ ಲೂ ಆಫ್ ಸಂಡೇ, ಐ ರಿಕ್ವೆಸ್ಟ್ ಎ ಹಾಲಿಡೇ ಆನ್ ಥರ್ಸ್‌ಡೇ."

ಇಲ್ಲಿ ಭಾನುವಾರವೇ ಮೊದಲು, ಗುರುವಾರ ಆಮೇಲೆ. ನಮ್ಮ ಕನ್ನಡದ ಓಟವೇ ಉಳಿಯಿತು. ಹೊಸದಾಗಿ ಬರೆಯುವವರು ಮೊದಲು ಈ ರೀತಿಯನ್ನೇ ರೂಢಿ ಮಾಡಿಕೊಂಡರೆ ತಪ್ಪುವ ಭಯ ಕಡಿಮೆ. ಕೈ ಕುದುರಿದ ಮೇಲೆ ಎರಡನ್ನೂ ಬಳಸಬಹುದು.

೪. ರಜೆಯ ಅರ್ಜಿಯಲ್ಲಿ

ವಾರದ ರಜೆಯ ದಿನ ಕೆಲಸಕ್ಕೆ ಕರೆದರೆ ಇನ್ನೊಂದು ದಿನ ರಜೆ ಕೊಡುವ ಪದ್ಧತಿ ಕಾರಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ಉಂಟು. ಅದಕ್ಕೆ ಅರ್ಜಿಯ ಮಾದರಿ:

"ಐ ವರ್ಕ್‌ಡ್ ಆನ್ ಸಂಡೇ, ವಿಚ್ ವಾಸ್ ಮೈ ವೀಕ್ಲಿ ಹಾಲಿಡೇ. ಐ ರಿಕ್ವೆಸ್ಟ್ ದಟ್ ಥರ್ಸ್‌ಡೇ ಬಿ ಗ್ರಾಂಟೆಡ್ ಆಸ್ ಎ ಹಾಲಿಡೇ ಇನ್ ಲೂ ಆಫ್ ಸಂಡೇ."

ತಾರೀಖುಗಳನ್ನು ಎರಡೂ ದಿನಗಳ ಮುಂದೆ ಬರೆಯುವುದನ್ನು ಮರೆಯಬೇಡಿರಿ. ಬರಿಯ "ಸಂಡೇ" ಎಂದರೆ ಯಾವ ಭಾನುವಾರ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಕೆಲಸ ಬಿಡುವಾಗ ಉಳಿದ ರಜೆಗಳ ವಿಚಾರ ಬೇರೆ. 1948ರ ಫ್ಯಾಕ್ಟರೀಸ್ ಆಕ್ಟಿನ 79ನೆಯ ವಿಧಿಯಲ್ಲಿ, ಕೆಲಸಗಾರನು ಕೆಲಸ ಬಿಟ್ಟಾಗ ಅಥವಾ ಅವನನ್ನು ತೆಗೆದಾಗ, ಅವನ ಹೆಸರಿನಲ್ಲಿ ಜಮೆಯಾಗಿದ್ದ ರಜೆಗೆ ಬದಲಾಗಿ ಸಂಬಳ ಸಲ್ಲತಕ್ಕದ್ದೆಂದು ಹೇಳಿತ್ತು. ಆ ಕಡೆಯೂ ಬಳಸಿದ್ದು ಇದೇ ಮಾತನ್ನೇ: "ವೇಜಸ್ ಇನ್ ಲೂ ಆಫ್" ಉಳಿದ ರಜೆ. ಗೈರುಹಾಜರು ರಜೆ; ಬದಲಿ ಸಂಬಳ. ಹಾಗಾಗಿ ಲೆಕ್ಕ ಕೇಳುವ ಪತ್ರದಲ್ಲಿ ಹೀಗೆ ಬರೆಯಬಹುದು:

"ಕೈಂಡ್ಲಿ ಪೇ ಮೈ ವೇಜಸ್ ಇನ್ ಲೂ ಆಫ್ ದಿ ಲೀವ್ ಸ್ಟ್ಯಾಂಡಿಂಗ್ ಟು ಮೈ ಕ್ರೆಡಿಟ್."

ಇದನ್ನು ತಿರುಗಿಸಿ "ಲೀವ್ ಇನ್ ಲೂ ಆಫ್ ವೇಜಸ್" ಎಂದು ಬರೆದಿರೋ, ಸಂಬಳ ಬೇಡ, ರಜೆ ಸಾಕು ಎಂದಂತಾಯಿತು. ಕೆಲಸವನ್ನೇ ಬಿಟ್ಟವನಿಗೆ ರಜೆಯಿಂದ ಏನು ಪ್ರಯೋಜನ?

೫. ನೋಟಿಸಿನ ವಿಚಾರದಲ್ಲಿ

ಈ ಮಾತು ಅತ್ಯಂತ ಭಾರವಾಗಿ ಬಂದು ಕೂರುವುದು ಕೆಲಸದಿಂದ ತೆಗೆಯುವ ಕಾಗದದಲ್ಲಿ. ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟಿಗೆ 1953ರಲ್ಲಿ ಸೇರಿಸಿದ 25-ಎಫ್ ಎಂಬ ವಿಧಿಯಲ್ಲಿ ಹೀಗಿತ್ತು: ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಸತತವಾಗಿ ಕೆಲಸ ಮಾಡಿದವನನ್ನು ಹೆಚ್ಚಿಗೆಯಾದನೆಂದು ತೆಗೆಯಬೇಕಾದರೆ, ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸು ಕೊಡಬೇಕು, ಇಲ್ಲವೆ ಆ ನೋಟಿಸಿನ ಬದಲಿಗೆ ಆ ಅವಧಿಯ ಸಂಬಳ ಕೊಡಬೇಕು. ಇದು ಮೊದಲನೆಯ ಅಂಶ. ಎರಡನೆಯ ಅಂಶವೆಂದರೆ ಪರಿಹಾರ: ಪೂರ್ತಿಯಾದ ಪ್ರತಿ ಒಂದು ವರ್ಷದ ಸೇವೆಗೆ ಹದಿನೈದು ದಿನಗಳ ಸರಾಸರಿ ಸಂಬಳ; ಕೊನೆಯಲ್ಲಿ ಆರು ತಿಂಗಳಿಗೆ ಮೀರಿದ ತುಂಡು ಉಳಿದರೆ ಅದನ್ನೂ ಒಂದು ವರ್ಷವೆಂದು ಎಣಿಸಬೇಕು. 2025ರ ನವೆಂಬರ್ 21ರಿಂದ ಹಳೆಯ ಆಕ್ಟಿನ ಸ್ಥಾನದಲ್ಲಿ 2020ರ ಇಂಡಸ್ಟ್ರಿಯಲ್ ರಿಲೇಷನ್ಸ್ ಕೋಡ್ ಜಾರಿಗೆ ಬಂದಿದೆ. ಅದರಲ್ಲಿಯೂ ನೋಟಿಸಿನ ಬದಲಿಗೆ ಸಂಬಳ ಎಂಬ ಈ ಮಾತು ಉಳಿದಿದೆ. ಪರಿಹಾರದ ಅಂಶವೂ ಬೇರೆಯಾಗಿಯೇ ಉಳಿದಿದೆ.

ಇಲ್ಲಿ ಚೆನ್ನಾಗಿ ಗಮನಿಸಬೇಕಾದ ಸಂಗತಿ ಇದು: "ಇನ್ ಲೂ ಆಫ್" ಎಂಬುದು ಮೊದಲನೆಯ ಅಂಶದಲ್ಲಿ ಮಾತ್ರ ಇದೆ. ಸಂಬಳವು ನೋಟಿಸಿಗೆ ಬದಲಿ. ಪರಿಹಾರವು ಯಾವುದಕ್ಕೂ ಬದಲಿಯಲ್ಲ; ಅದು ತಾನಾಗಿಯೇ ಸಲ್ಲತಕ್ಕದ್ದು.

ಒಂದು ಲೆಕ್ಕ ಹಾಕಿ ನೋಡೋಣ. ಡೊಂಬಿವಲಿಯ ಒಂದು ಕಾರಖಾನೆಯಲ್ಲಿ ಒಬ್ಬಾತ 8 ವರ್ಷ 7 ತಿಂಗಳು ಕೆಲಸ ಮಾಡಿದ್ದಾನೆಂದು ಊಹಿಸಿರಿ. ತಿಂಗಳಿಗೆ 18,000 ರೂಪಾಯಿ. ಸುಲಭಕ್ಕಾಗಿ ಹದಿನೈದು ದಿನವೆಂದರೆ ಅರ್ಧ ತಿಂಗಳೆಂದು, ಅಂದರೆ 9,000 ರೂಪಾಯಿ ಎಂದು ಹಿಡಿಯೋಣ. ಆರು ತಿಂಗಳು ಮೀರಿದ್ದರಿಂದ ಸೇವೆ 9 ವರ್ಷವೆಂದು ಎಣಿಕೆ.

ನೋಟಿಸಿನ ಬದಲಿಗೆ ಸಂಬಳ: 18,000 ರೂ.
ಪರಿಹಾರ, 9 ಸಲ 9,000: 81,000 ರೂ.
ಒಟ್ಟು: 99,000 ರೂ.

ಈಗ ಅವನ ಮುಂದೆ ಒಂದು ರಸೀತಿ ಬರುತ್ತದೆನ್ನಿ. ಅದರಲ್ಲಿ "ರಿಸೀವ್ಡ್ ರುಪೀಸ್ ಏಟೀನ್ ಥೌಸಂಡ್ ಇನ್ ಲೂ ಆಫ್ ನೋಟಿಸ್ ಆ್ಯಂಡ್ ಕಾಂಪೆನ್ಸೇಷನ್" ಎಂದು ಬರೆದಿದೆ. ಸೂತ್ರ ಹಚ್ಚಿರಿ. "ಆಫ್" ಆದ ಮೇಲೆ ಇಬ್ಬರು ನಿಂತಿದ್ದಾರೆ: ನೋಟಿಸು ಮತ್ತು ಪರಿಹಾರ. ಇಬ್ಬರೂ ಗೈರುಹಾಜರು! 18,000 ರೂಪಾಯಿಯೊಂದೇ ಇಬ್ಬರ ಬದಲಿಗೂ ಬಂದು ನಿಂತಿದೆ. "ಆ್ಯಂಡ್ ಕಾಂಪೆನ್ಸೇಷನ್" ಎಂಬ ಎರಡು ಪದಗಳ ಬೆಲೆ 81,000 ರೂಪಾಯಿ.

ಕಾಯಿದೆ ಕೊಟ್ಟ ಹಕ್ಕು ಒಂದು ರಸೀತಿಯ ಮಾತಿನಿಂದಲೇ ಸತ್ತುಹೋಗುತ್ತದೆಂದು ಹೆದರಬೇಕಾಗಿಲ್ಲ. ಆದರೆ ನಮ್ಮದೇ ಸಹಿಯಿರುವ ಕಾಗದ ನಮ್ಮ ಎದುರಿಗೆ ಸಾಕ್ಷಿ ಹೇಳುವಾಗ ಅದನ್ನು ಸುಳ್ಳು ಮಾಡುವುದಕ್ಕೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಕೂಲಿ ಬಿಟ್ಟು ಕಲ್ಯಾಣದಿಂದ ಠಾಣೆಗೆ, ಠಾಣೆಯಿಂದ ಮುಂಬಯಿಗೆ ಓಡಾಡುವ ಶಕ್ತಿ ಎಷ್ಟು ಜನರಿಗಿದೆ? ಆದ್ದರಿಂದ ಸಹಿಗೆ ಮೊದಲೇ ಹೀಗೆ ಬರೆಸುವುದು ಲೇಸು:

"ರಿಸೀವ್ಡ್ ರುಪೀಸ್ ಏಟೀನ್ ಥೌಸಂಡ್, ಬೀಯಿಂಗ್ ಒನ್ ಮಂತ್ಸ್ ವೇಜಸ್ ಇನ್ ಲೂ ಆಫ್ ನೋಟಿಸ್ ಓನ್ಲಿ."

ಕೊನೆಯ "ಓನ್ಲಿ" ಎಂಬ ಪದವನ್ನು ನೋಡಿರಿ. "ನೋಟಿಸಿಗೆ ಮಾತ್ರ ಬದಲಿ, ಬೇರೆ ಯಾವುದಕ್ಕೂ ಅಲ್ಲ" ಎಂದು ಅದು ಬೇಲಿ ಹಾಕುತ್ತದೆ.

ಇಂಥ ಅಂಶಗಳನ್ನು ನ್ಯಾಯಾಲಯಗಳು ಎಷ್ಟು ಗಂಭೀರವಾಗಿ ತೆಗೆದುಕೊಂಡಿವೆ ಎಂಬುದಕ್ಕೆ ನಮ್ಮ ಮುಂಬಯಿಯದೇ ಒಂದು ಪ್ರಸಿದ್ಧ ಮೊಕದ್ದಮೆ ಸಾಕು. ಜೆ. ಜೆ. ಆಸ್ಪತ್ರೆಯಲ್ಲಿ ವಾರ್ಡಿನ ಚಾಕರಿಯಲ್ಲಿದ್ದ ಇಬ್ಬರನ್ನು ಕೆಲಸದಿಂದ ತೆಗೆದಾಗ ಹಾಸ್ಪಿಟಲ್ ಮಜ್ದೂರ್ ಸಭಾ ಮೊಕದ್ದಮೆ ಹೂಡಿತು. ಮುಂಬಯಿ ಸರಕಾರ ಒಂದು ಕಡೆ, ಕಾಮಗಾರರ ಸಭಾ ಇನ್ನೊಂದು ಕಡೆ. 1960ರಲ್ಲಿ ಸುಪ್ರೀಮ್ ಕೋರ್ಟಿನ ತೀರ್ಪು ಬಂದಿತು. 25-ಎಫ್ ವಿಧಿಯಲ್ಲಿ ಹೇಳಿದ ಪರಿಹಾರವನ್ನು ತೆಗೆಯುವ ಹೊತ್ತಿಗೇ ಕೊಡಬೇಕು. ಅದು ಮೊದಲೇ ನೆರವೇರಬೇಕಾದ ಷರತ್ತು. ಅದಿಲ್ಲದೆ ಕೆಲಸದಿಂದ ತೆಗೆದದ್ದು ಊರ್ಜಿತವಾಗದು ಎಂದು ನ್ಯಾಯಾಲಯ ಹೇಳಿತು. ಇಬ್ಬರು ಬಡ ನೌಕರರ ಪ್ರಶ್ನೆ ದೇಶಕ್ಕೆಲ್ಲ ದಾರಿ ತೋರಿಸಿತು.

ನೋಟಿಸಿನ ಮಾತಿಗೆ ಇನ್ನೊಂದು ಮುಖವೂ ಇದೆ. ಕಾರಕೂನರ ನೇಮಕದ ಪತ್ರಗಳಲ್ಲಿ "ಒನ್ ಮಂತ್ಸ್ ನೋಟಿಸ್ ಆನ್ ಈದರ್ ಸೈಡ್, ಆರ್ ಸ್ಯಾಲರಿ ಇನ್ ಲೂ ದೇರ್‌ಆಫ್" ಎಂಬ ಸಾಲು ಸಾಮಾನ್ಯ. "ದೇರ್‌ಆಫ್" ಎಂದರೆ "ಅದರ", ಅಂದರೆ ಈಗ ತಾನೇ ಹೇಳಿದ ನೋಟಿಸಿನ. "ಆನ್ ಈದರ್ ಸೈಡ್" ಎಂದರೆ ಎರಡು ಕಡೆಯವರಿಗೂ. ಧಣಿಯು ನೋಟಿಸು ಕೊಡದೆ ತೆಗೆದರೆ ಅವನು ಸಂಬಳ ಕೊಡಬೇಕು. ನಾವು ನೋಟಿಸು ಕೊಡದೆ ಬಿಟ್ಟರೆ ನಾವು ಒಂದು ತಿಂಗಳ ಸಂಬಳ ಬಿಟ್ಟುಕೊಡಬೇಕು. ಇನ್ನೊಂದು ಕಡೆ ಹೆಚ್ಚಿನ ಸಂಬಳ ಸಿಕ್ಕಿತೆಂದು ಮಾರನೆಯ ದಿನವೇ ಓಡುವ ತರುಣರು ಈ ಸಾಲನ್ನು ಮೊದಲು ಓದಿಕೊಳ್ಳುವುದು ಒಳ್ಳೆಯದು.

೬. "ಬದಲಿಗೆ"ಯೋ, "ಜೊತೆಗೆ"ಯೋ?

ರಸೀತಿಯಲ್ಲಿ ನೋಡಿದ ತೊಡಕು ಕೇವಲ ಸಂಬಳಕ್ಕೆ ಸೇರಿದ್ದಲ್ಲ. ಎರಡು ವಸ್ತುಗಳು ಎದುರಿಗಿದ್ದಾಗ, ಒಂದರ ಬದಲಿಗೆ ಇನ್ನೊಂದೋ, ಒಂದರ ಜೊತೆಗೆ ಇನ್ನೊಂದೋ ಎಂಬ ಪ್ರಶ್ನೆ ಎಲ್ಲ ವ್ಯವಹಾರದಲ್ಲಿಯೂ ಬರುತ್ತದೆ. "ಜೊತೆಗೆ" ಎಂಬುದಕ್ಕೆ ಇಂಗ್ಲಿಷಿನಲ್ಲಿ "ಇನ್ ಅಡಿಷನ್ ಟು" ಎನ್ನಬೇಕು. ಈ ಎರಡು ಮಾತುಗಳ ಅಂತರವನ್ನು ತಿಳಿಯುವುದಕ್ಕೆ ನಮ್ಮ ನೆರೆಯ ನವಿ ಮುಂಬಯಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಆ ಪಟ್ಟಣವನ್ನು ಕಟ್ಟುವುದಕ್ಕೆ 1970ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿತು. ಠಾಣೆ, ಪನವೇಲ, ಉರಣ ಭಾಗದ ಹಳ್ಳಿಗಳ ಜಮೀನು ಅದಕ್ಕಾಗಿ ಹೋಯಿತು. ಸಿಕ್ಕ ಪರಿಹಾರ ಸಾಲದೆಂದು ರೈತರು ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಚಳವಳಿ ಹೂಡಿದರು. 1984ರ ಜನವರಿ 16 ಮತ್ತು 17ರಂದು ಉರಣ ಭಾಗದಲ್ಲಿ ನಡೆದ ಗೋಲೀಬಾರಿನಲ್ಲಿ ಐವರು ಪ್ರಾಣ ಕಳೆದುಕೊಂಡರು. ಆ ಹೋರಾಟದ ಫಲವಾಗಿ 1990ರಲ್ಲಿ ಶೇಕಡಾ 12.5ರ ಯೋಜನೆ ಬಂದಿತು: ಹೋದ ಜಮೀನಿನ ಶೇಕಡಾ 12.5ರಷ್ಟು ಅಳತೆಯ ಅಭಿವೃದ್ಧಿಗೊಂಡ ನಿವೇಶನ. ಇದು ಹಣದ ಪರಿಹಾರದ ಜೊತೆಗೆ. ಅಂದರೆ "ಇನ್ ಅಡಿಷನ್ ಟು ಕಾಂಪೆನ್ಸೇಷನ್."

ಮುಂದೆ ವಿಮಾನ ನಿಲ್ದಾಣಕ್ಕಾಗಿ ಜಮೀನು ಬೇಕಾದಾಗ 2014ರಲ್ಲಿ ಸರಕಾರ ಬೇರೆ ಬಗೆಯ ಏರ್ಪಾಡು ಮಾಡಿತು: ಶೇಕಡಾ 22.5ರಷ್ಟು ಅಭಿವೃದ್ಧಿಗೊಂಡ ಜಮೀನು. ಆದರೆ ಇದು ಹಣದ ಪರಿಹಾರದ ಬದಲಿಗೆ. ಅಂದರೆ "ಇನ್ ಲೂ ಆಫ್ ಕಾಂಪೆನ್ಸೇಷನ್."

12.5ಕ್ಕಿಂತ 22.5 ದೊಡ್ಡ ಸಂಖ್ಯೆ ಎಂದು ಅಂಕಿಯನ್ನು ಮಾತ್ರ ನೋಡಿದವನಿಗೆ ಅರ್ಧ ಮಾತ್ರ ತಿಳಿಯಿತು. ಮೊದಲನೆಯದರಲ್ಲಿ ಹಣವೂ ಹಾಜರು, ನಿವೇಶನವೂ ಹಾಜರು. ಎರಡನೆಯದರಲ್ಲಿ ನಿವೇಶನ ಹಾಜರು, ಹಣ ಗೈರುಹಾಜರು. ಯಾವುದು ಮೇಲೆಂಬುದು ಅವರವರ ಲೆಕ್ಕ. ಆದರೆ ಲೆಕ್ಕ ಹಾಕಬೇಕಾದವನು ಮೊದಲು ಆ ಮೂರು ಪದಗಳನ್ನು ಓದಬೇಕು, ಆಮೇಲೆ ಅಂಕಿಯನ್ನು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಕರಾರಿನಲ್ಲಿ, ಚಾಳಿನ ಖೋಲಿ ಬಿಟ್ಟುಕೊಡುವ ಕರಾರಿನಲ್ಲಿ ಸಹಿ ಮಾಡುವ ನಮ್ಮ ಜನರೂ ಇದನ್ನು ನೆನಪಿನಲ್ಲಿಡಲಿ. ಬಾಡಿಗೆ ಹಣವು ತಾತ್ಕಾಲಿಕ ಮನೆಯ ಬದಲಿಗೋ, ಜೊತೆಗೋ ಎಂದು ನೋಡಿ ಸಹಿ ಹಾಕಿರಿ.

೭. ರೂಪದಲ್ಲಿ ಹೋಲುವ ಮಾತುಗಳು

ಅರ್ಜಿಗಳಲ್ಲಿ ಹೆಚ್ಚಾಗಿ ಕಾಣುವ ಒಂದು ತಪ್ಪು ಹೀಗಿದೆ: "ಇನ್ ಲೂ ಆಫ್ ಮೈ ಮದರ್ಸ್ ಇಲ್‌ನೆಸ್, ಕೈಂಡ್ಲಿ ಗ್ರಾಂಟ್ ಮಿ ಲೀವ್." ತಾಯಿಯ ಕಾಯಿಲೆಯ ಕಾರಣದಿಂದ ರಜೆ ಬೇಕೆಂದು ಬರೆಯಹೊರಟವನು "ತಾಯಿಯ ಕಾಯಿಲೆಯ ಬದಲಿಗೆ ರಜೆ ಕೊಡಿ" ಎಂದು ಬರೆದುಬಿಟ್ಟ. ಇಲ್ಲಿ ಬೇಕಾದದ್ದು "ಇನ್ ವ್ಯೂ ಆಫ್." "ವ್ಯೂ" ಎಂದರೆ ನೋಟ, ಅಕ್ಷರಗಳು ವಿ, ಐ, ಇ, ಡಬ್ಲ್ಯು. "ಇದನ್ನು ನೋಡಿ, ಇದನ್ನು ಗಮನಿಸಿ" ಎಂದು ಅರ್ಥ. ಕಿವಿಗೆ ಎರಡೂ ಒಂದೇ ತರಹ ಕೇಳುವುದರಿಂದ ಈ ಗೊಂದಲ.

"ಇನ್ ಲೂ ಆಫ್": ಬದಲಿಗೆ.
"ಇನ್ ವ್ಯೂ ಆಫ್": ಗಮನಿಸಿ, ಕಾರಣದಿಂದ.
"ಇನ್ ಸ್ಪೈಟ್ ಆಫ್": ಇದ್ದರೂ ಸಹ.
"ಆನ್ ಬಿಹಾಫ್ ಆಫ್": ಪರವಾಗಿ.
"ಇನ್ ಅಡಿಷನ್ ಟು": ಜೊತೆಗೆ.

"ಆನ್ ಬಿಹಾಫ್ ಆಫ್" ಎಂಬುದನ್ನೂ ಬದಲಿಯೊಡನೆ ಬೆರೆಸಬಾರದು. ಮ್ಯಾನೇಜರರ ಪರವಾಗಿ ಸಹಿ ಮಾಡಿದ ಕಾರಕೂನ ಮ್ಯಾನೇಜರನಾಗುವುದಿಲ್ಲ. ಅವರ ಮಾತನ್ನು ಮುಟ್ಟಿಸಿದವನಷ್ಟೇ.

ಹಾಗಾದರೆ "ಇನ್‌ಸ್ಟೆಡ್ ಆಫ್" ಎಂಬುದು? ಅರ್ಥ ಒಂದೇ: ಬದಲಿಗೆ. "ಸ್ಟೆಡ್" ಎಂದರೂ ಸ್ಥಾನವೇ. ಅದು ಇಂಗ್ಲಿಷರ ಸ್ವಂತ ಹಳೆಯ ಪದ. ವ್ಯತ್ಯಾಸ ಬಳಕೆಯದು. "ಚಹದ ಬದಲಿಗೆ ಕಾಫಿ ಕುಡಿದೆ" ಎನ್ನುವಲ್ಲಿ "ಇನ್‌ಸ್ಟೆಡ್ ಆಫ್" ಸಹಜ. ಅಲ್ಲಿ "ಇನ್ ಲೂ ಆಫ್" ಎಂದರೆ ಹೋಟೆಲಿನಲ್ಲಿ ದಸ್ತಾವೇಜು ಓದಿದಂತಾಗುತ್ತದೆ. ಸಲ್ಲತಕ್ಕ ಹಣ, ರಜೆ, ನೋಟಿಸು, ಜಮೀನು, ದಾಖಲೆ ಇಂಥವುಗಳ ವಿನಿಮಯಕ್ಕೆ, ಅದೂ ಬರವಣಿಗೆಯಲ್ಲಿ, "ಇನ್ ಲೂ ಆಫ್" ತಕ್ಕದ್ದು.

೮. ವ್ಯಾಕರಣದ ಮೂರು ಮಾತು

ಮೊದಲನೆಯದು: "ಇನ್" ಮತ್ತು "ಆಫ್" ಎರಡೂ ಇರಲೇಬೇಕು. "ಇನ್ ಲೂ ಟು," "ಇನ್ ಲೂ ಫಾರ್," "ಇನ್ ದಿ ಲೂ ಆಫ್" ಇವು ಯಾವುವೂ ಸಲ್ಲವು. ಹಿಂದೆ ಹೇಳಿದ್ದರ ಬದಲಿಗೆ ಎಂಬಲ್ಲಿ ಮಾತ್ರ "ಇನ್ ಲೂ" ಎಂದು ನಿಲ್ಲಿಸಬಹುದು. "ಎ ಡೇ ಆಫ್ ಇನ್ ಲೂ" ಎಂದರೆ ಬದಲಿ ರಜೆಯ ದಿನ.

ಎರಡನೆಯದು: "ಆಫ್" ಆದ ಮೇಲೆ ನಾಮಪದ ಬರಬೇಕು. ಕ್ರಿಯಾಪದ ಬಂದರೆ ಅದಕ್ಕೆ "ಇಂಗ್" ಸೇರಿಸಬೇಕು. "ಇನ್ ಲೂ ಆಫ್ ಪೇ ಕ್ಯಾಶ್" ತಪ್ಪು. "ಇನ್ ಲೂ ಆಫ್ ಪೇಯಿಂಗ್ ಕ್ಯಾಶ್" ಸರಿ.

ಮೂರನೆಯದು: ಬದಲಿಯೂ ಗೈರುಹಾಜರೂ ಒಂದೇ ಜಾತಿಯ ರೂಪದಲ್ಲಿದ್ದರೆ ವಾಕ್ಯ ಸ್ವಚ್ಛ. ಸಂಬಳಕ್ಕೆ ಎದುರಾಗಿ ನೋಟಿಸು, ದಿನಕ್ಕೆ ಎದುರಾಗಿ ದಿನ. "ಥರ್ಸ್‌ಡೇ ಇನ್ ಲೂ ಆಫ್ ಐ ಕೇಮ್ ಆನ್ ಸಂಡೇ" ಎಂಬುದು ವಾಕ್ಯವೇ ಅಲ್ಲ.

೯. ಅಭ್ಯಾಸ

ಕೆಳಗಿನವುಗಳಲ್ಲಿ ತಪ್ಪಿದ್ದರೆ ತಿದ್ದಿರಿ. ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿರಿ.

(1) ಮೂಲ ಗುರುತಿನ ಚೀಟಿಯ ಬದಲಿಗೆ ನಕಲು ಕೊಟ್ಟೆ ಎನ್ನುವುದಕ್ಕೆ: "ಐ ಸಬ್ಮಿಟೆಡ್ ದಿ ಒರಿಜಿನಲ್ ಇನ್ ಲೂ ಆಫ್ ಎ ಕಾಪಿ."
(2) "ಇನ್ ಲೂ ಆಫ್ ದಿ ಹೆವಿ ರೇನ್, ಟ್ರೇನ್ಸ್ ವರ್ ಲೇಟ್."
(3) "ಹಿ ವಾಸ್ ಪೇಯ್ಡ್ ಒನ್ ಮಂತ್ಸ್ ವೇಜಸ್ ಇನ್ ಲೂ ಆಫ್ ನೋಟಿಸ್."
(4) ಸಂಬಳವಲ್ಲದೆ ಊಟವೂ ಸಿಗುತ್ತದೆ ಎನ್ನುವುದಕ್ಕೆ: "ವಿ ಗೆಟ್ ಮೀಲ್ಸ್ ಇನ್ ಲೂ ಆಫ್ ವೇಜಸ್."

ಉತ್ತರಗಳು: (1) ತಲೆಕೆಳಗಾಗಿದೆ. "ಎ ಕಾಪಿ ಇನ್ ಲೂ ಆಫ್ ದಿ ಒರಿಜಿನಲ್" ಎಂದಾಗಬೇಕು. (2) ಮಳೆಯ ಬದಲಿಗೆ ಅಲ್ಲ, ಮಳೆಯ ಕಾರಣದಿಂದ. "ಓಯಿಂಗ್ ಟು ದಿ ಹೆವಿ ರೇನ್" ಎಂದು ಬರೆಯಿರಿ. (3) ಸರಿಯಾಗಿದೆ. (4) ಊಟವೇ ಸಂಬಳವೆಂದು ಅರ್ಥವಾಯಿತು! "ಇನ್ ಅಡಿಷನ್ ಟು ವೇಜಸ್" ಎಂದಾಗಬೇಕು. ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರು ಈ ನಾಲ್ಕನೆಯದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಲಿ.

೧೦. ಸಹಿಗೆ ಮೊದಲು

ಯಾವುದೇ ಕಾಗದದಲ್ಲಿ ಈ ಮಾತು ಕಂಡರೆ ಪೆನ್ಸಿಲು ತೆಗೆದುಕೊಳ್ಳಿರಿ. "ಆಫ್" ಆದ ಮೇಲಿನ ಪದಗಳ ಕೆಳಗೆ ಗೆರೆ ಎಳೆಯಿರಿ. ಅದೆಲ್ಲ ಗೈರುಹಾಜರು. ಬಳಿಕ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಗೆರೆ ಎಳೆದದ್ದನ್ನು ಬಿಟ್ಟುಕೊಡುವುದಕ್ಕೆ ನಾನು ಒಪ್ಪಿದ್ದೇನೆಯೇ? ಅಲ್ಲಿ ಒಂದಕ್ಕಿಂತ ಹೆಚ್ಚು ವಸ್ತುಗಳು ಸೇರಿಕೊಂಡಿವೆಯೇ? "ಬದಲಿಗೆ" ಎಂದು ಬರೆದಲ್ಲಿ ನನಗೆ ಹೇಳಿದ್ದು "ಜೊತೆಗೆ" ಎಂದಾಗಿತ್ತೇ? ಉತ್ತರ ಸ್ಪಷ್ಟವಾಗದಿದ್ದರೆ ಒಂದು ದಿನದ ಸಮಯ ಕೇಳಿರಿ. ಕಾಗದದ ನಕಲು ಇಟ್ಟುಕೊಳ್ಳಿರಿ, ಬಲ್ಲವರಿಗೆ ತೋರಿಸಿರಿ.

ಊರು ಬಿಟ್ಟು ಬಂದ ನಾವು ಇಲ್ಲಿ ಮರಾಠಿಯನ್ನು ಬಾಯಿಂದ ಬಾಯಿಗೆ ಕಲಿತೆವು, ಹಿಂದಿಯನ್ನು ಲೋಕಲ್ ಗಾಡಿಯಲ್ಲಿ ಕಲಿತೆವು. ಇಂಗ್ಲಿಷ್ ಮಾತ್ರ ನಮ್ಮ ಬಳಿಗೆ ಕಾಗದದ ರೂಪದಲ್ಲಿ, ಸಹಿ ಹಾಕುವ ಗೆರೆಯೊಂದಿಗೆ ಬರುತ್ತದೆ. ಅದನ್ನು ಕಾಗದದ ಮೇಲೆಯೇ ಕಲಿಯಬೇಕು. ದಿನಕ್ಕೊಂದು ವಾಕ್ಯ ಬರೆದು ವಾಚನಾಲಯದ ಮೇಜಿನ ಮೇಲಿರುವ ಅಭ್ಯಾಸದ ವಹಿಯಲ್ಲಿ ಇಟ್ಟು ಹೋದರೆ ಭಾನುವಾರ ಬೆಳಿಗ್ಗೆ ತಿದ್ದಿ ಕೊಡಲಾಗುವುದು. ಹೆಸರು ಹಾಕಬೇಕಾಗಿಲ್ಲ.